ಸ್ಟ್ಯಾಂಡ್ ಹೊತ್ತವರು

1866ರಲ್ಲಿ ಸ್ಯಾಮ್ಯುಯೆಲ್ ಬೋರ್ನ್ ಎಂಬ ಇಂಗ್ಲಿಷ್ ಛಾಯಾಗ್ರಾಹಕ ಸ್ಪಿತಿ ಸೀಮೆಯ ಮಣಿರಂಗ್ ಪಾಸ್ ಏರಿ ಅಲ್ಲಿ ಕ್ಯಾಮೆರಾ ನಿಲ್ಲಿಸಿದ. ಎತ್ತರ 18,600 ಅಡಿ. ಅಷ್ಟು ಎತ್ತರದಲ್ಲಿ ಚಿತ್ರ ತೆಗೆದ ಆ ದಾಖಲೆಯನ್ನು ಸುಮಾರು ಇಪ್ಪತ್ತು ವರ್ಷ ಯಾರೂ ಮುರಿಯಲಿಲ್ಲ. ನಾಟಿಂಗ್‌ಹ್ಯಾಮ್‌ನ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಈತ ಕೆಲಸ ಬಿಟ್ಟು 1863ರಲ್ಲಿ ಭಾರತಕ್ಕೆ ಬಂದವನು. ಸಿಮ್ಲಾದಲ್ಲಿ ನೆಲೆ ನಿಂತ. ಅವನ ಹೆಸರಿನ ಬೋರ್ನ್ ಅಂಡ್ ಶೆಪರ್ಡ್ ಸ್ಟುಡಿಯೊ ಕೋಲ್ಕತ್ತದಲ್ಲಿ 2016ರವರೆಗೂ ಬಾಗಿಲು ತೆರೆದಿತ್ತು. ಹಿಮಾಲಯಕ್ಕೆ ಮೂರು ಸಲ ದೊಡ್ಡ ಪ್ರವಾಸ ಹೋದ. ಮೂರನೆಯದರಲ್ಲಿ ಅವನ ಹಿಂದೆ ಎಂಬತ್ತರಷ್ಟು ಹಮಾಲರಿದ್ದರು.

ಅಷ್ಟು ಜನ ಯಾಕೆ ಬೇಕಾಗಿತ್ತು ಎಂಬುದು ಆಗಿನ ಕೆಲಸದ ರೀತಿ ತಿಳಿದರೆ ಗೊತ್ತಾಗುತ್ತದೆ. ಹನ್ನೆರಡು ಇಂಚು ಉದ್ದ, ಹತ್ತು ಇಂಚು ಅಗಲದ ಗಾಜಿನ ಫಲಕ. ಅದಕ್ಕೆ ಸ್ಥಳದಲ್ಲೇ ಕೊಲೋಡಿಯನ್ ಎಂಬ ಅಂಟುದ್ರಾವಣ ಹರಡಬೇಕು, ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಬೇಕು, ಹಸಿಯಾಗಿರುವಾಗಲೇ ಕ್ಯಾಮೆರಾಕ್ಕೆ ಹಾಕಿ ಬೆಳಕು ಕಾಣಿಸಬೇಕು, ಆರುವ ಮೊದಲೇ ತೊಳೆದು ಚಿತ್ರ ಬರಿಸಬೇಕು. ಎಲ್ಲಕ್ಕೂ ಸೇರಿ ಸಿಗುವುದು ಕೆಲವೇ ನಿಮಿಷ. ಹಾಗಾಗಿ ಕತ್ತಲೆ ಕೋಣೆಯೂ ಬೆಟ್ಟ ಹತ್ತಬೇಕು. ಡೇರೆ, ಗಾಜಿನ ಪೆಟ್ಟಿಗೆಗಳು, ರಾಸಾಯನಿಕದ ಸೀಸೆಗಳು, ಮರದ ದೊಡ್ಡ ಕ್ಯಾಮೆರಾ, ಅದನ್ನು ಅಲುಗದಂತೆ ಹಿಡಿಯುವ ಮೂರು ಕಾಲಿನ ಸ್ಟ್ಯಾಂಡ್. ಸ್ಟ್ಯಾಂಡ್ ಬಿಟ್ಟು ಬರುವ ಮಾತೇ ಇಲ್ಲ. ಒಂದು ಚಿತ್ರಕ್ಕೆ ಲೆನ್ಸ್ ಹಲವು ಸೆಕೆಂಡು ತೆರೆದಿರಬೇಕಾದ ಕಾಲ ಅದು.

ಬೋರ್ನ್ ತನ್ನ ಪ್ರವಾಸಗಳ ಬಗ್ಗೆ ಬ್ರಿಟಿಷ್ ಜರ್ನಲ್ ಆಫ್ ಫೋಟೋಗ್ರಫಿಗೆ ಉದ್ದುದ್ದ ಪತ್ರ ಬರೆದ. ಹಮಾಲರು ನಡುದಾರಿಯಲ್ಲಿ ಹೊರೆ ಇಳಿಸಿ ಓಡಿಹೋದದ್ದು, ತಾನು ದೊಣ್ಣೆ ಹಿಡಿದು ಅವರನ್ನು ಹುಡುಕಿಕೊಂಡು ಊರಿಗೆ ಹೋದದ್ದು ಅದರಲ್ಲಿದೆ. ಆ ಪತ್ರಗಳ ವಿಷಯ ಓದಿದ ಮೇಲೆ ಅವನ ಚಿತ್ರಗಳನ್ನು ನಾನು ಬೇರೆ ರೀತಿ ನೋಡುತ್ತೇನೆ. ಚಿತ್ರಗಳು ನಿಜಕ್ಕೂ ಚೆಲುವಾಗಿವೆ. ಗೋಮುಖದ ಹಿಮದ ಬಾಯನ್ನು ಅಷ್ಟು ಶ್ರದ್ಧೆಯಿಂದ ಕಂಡವರು ಕಡಿಮೆ. ಆದರೆ ಬೆಟ್ಟದ ಫೋಟೋದ ಚರಿತ್ರೆ ಎಂದರೆ ನನ್ನ ಮಟ್ಟಿಗೆ ಭಾರ ಯಾರ ಬೆನ್ನ ಮೇಲಿತ್ತು ಎಂಬುದರ ಚರಿತ್ರೆ. ಈಗ ಎರಡು ಸಾವಿರ ರೂಪಾಯಿ ಹಿಡಿದು ಟ್ರೆಕ್ಕಿಂಗಿಗೆ ಹಗುರವಾದ ಟ್ರೈಪಾಡ್ ಹುಡುಕುವ ಹುಡುಗ ಹುಡುಗಿಯರೂ ಆ ಚರಿತ್ರೆಯ ಕೊನೆಯ ತುದಿಯಲ್ಲಿದ್ದಾರೆ. ಅವರ ಹುಡುಕಾಟವನ್ನು ನಾನು ಸಣ್ಣದಾಗಿ ಎಣಿಸುವುದಿಲ್ಲ.

ನಮ್ಮ ನಾಡಿನಲ್ಲಿ ಸ್ಟ್ಯಾಂಡ್ ಊರಿದ್ದು ಬೋರ್ನ್ ಬರುವುದಕ್ಕೂ ಮೊದಲು. 1854ರ ಕೊನೆಯಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ ಬೇಲೂರು, ಹಳೇಬೀಡುಗಳ ಗುಡಿಗಳನ್ನು ಚಿತ್ರಿಸಿದ. ಮರುವರ್ಷ ಸರ್ಕಾರಿ ನಿಯೋಗದ ಜೊತೆ ಬರ್ಮಾಕ್ಕೆ ಹೋಗಿ ಬಂದು, ಅಲ್ಲಿ ತೆಗೆದ 120 ಚಿತ್ರಗಳ ಪ್ರತಿಗಳನ್ನು ಬೆಂಗಳೂರಿನಲ್ಲೇ ಕೂತು ಮಾಡಿಸಿದ. 1856ರಲ್ಲಿ ಅದೇ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಗೆ ಬಂದ. ಇವರಿಬ್ಬರದೂ ಗಾಜಿನ ಕೆಲಸವಲ್ಲ, ಮೇಣ ಸವರಿದ ಕಾಗದದ ನೆಗೆಟಿವ್. ಗಾಜಿಗಿಂತ ಹಗುರ, ಒಡೆಯುವ ಭಯವಿಲ್ಲ, ಮುಂಚೆಯೇ ತಯಾರಿಸಿಟ್ಟುಕೊಳ್ಳಬಹುದು. ನಮ್ಮ ಬಿಸಿಲಿಗೂ ದೂರದ ದಾರಿಗೂ ಒಗ್ಗುವಂಥದ್ದು. ಆದರೆ ಕಾಗದ ನಿಧಾನ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಕಾಯಬೇಕು. ಗ್ರೀನ್‌ಲಾನ ನೆಗೆಟಿವ್‌ಗಳೋ ಹದಿನಾರು ಹದಿನೆಂಟು ಇಂಚಿನವು. ಅಷ್ಟು ದೊಡ್ಡ ಪೆಟ್ಟಿಗೆಯನ್ನು ಹೇಮಕೂಟದ ಬಂಡೆಗಳ ಸೀಮೆಯಲ್ಲಿ ನಿಮಿಷಗಟ್ಟಲೆ ಅಲುಗದಂತೆ ನಿಲ್ಲಿಸಿದ ಕಾಲುಗಳು ಸಾಮಾನ್ಯದವಾಗಿರಲಾರವು.

ಆ ಕಾಲುಗಳು ನಮಗೆ ಉಳಿಸಿಕೊಟ್ಟಿದ್ದೇನು ಎಂಬುದಕ್ಕೆ ಒಂದೇ ಚಿತ್ರ ಸಾಕು. ವಿಠ್ಠಲ ಗುಡಿಯ ಕಲ್ಲಿನ ರಥವನ್ನು ಈಗ ಐವತ್ತು ರೂಪಾಯಿ ನೋಟಿನ ಮೇಲೂ ನೋಡುತ್ತೇವೆ. ಅದರ ನೆತ್ತಿ ಬೋಳು. ಗ್ರೀನ್‌ಲಾನ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಆಮೇಲೆ ಅದು ಹೋಯಿತು. ರಥಕ್ಕೆ ಶಿಖರವಿತ್ತು ಎಂದು ಕಣ್ಣಿಗೆ ಕಾಣುವ ಸಾಕ್ಷಿ ನಮಗೆ ದಕ್ಕಿದ್ದು ಆ ಸ್ಟ್ಯಾಂಡ್ ಅಲುಗದೆ ನಿಂತದ್ದರಿಂದ. ಈ ನೆಗೆಟಿವ್‌ಗಳು ಇಂಗ್ಲೆಂಡಿನಲ್ಲಿ ಎಲ್ಲೋ ಮೂಲೆಯಲ್ಲಿ ಬಿದ್ದಿದ್ದವು. ಅವು ಮತ್ತೆ ಬೆಳಕಿಗೆ ಬಂದ ಮೇಲೆ 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅಲ್ಲಿಂದಲೇ ಮತ್ತೆ ಚಿತ್ರ ತೆಗೆದ. ಹಳೆಯ ಚಿತ್ರದಲ್ಲಿ ಕಂಬದ ಅಂಚು ಹಿಂದಿನ ಗೋಪುರವನ್ನು ಎಲ್ಲಿ ಕತ್ತರಿಸುತ್ತದೋ ಅಲ್ಲೇ ಈಗಲೂ ಕತ್ತರಿಸಬೇಕು. ಒಂದು ಹೆಜ್ಜೆ ಎಡಕ್ಕೆ ಹೋದರೂ ತಪ್ಪುತ್ತದೆ. 127 ವರ್ಷದ ಹಿಂದೆ ಮೂರು ಕಾಲು ಊರಿದ್ದ ನೆಲವನ್ನು ಹೀಗೆ ಅಳೆದು ಹಿಡಿಯುವ ಕೆಲಸ ನನಗೆ ಪುರಾತತ್ವದಷ್ಟೇ ಗೌರವದ್ದು. ಈಗ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಬೇಕಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಹಂಪಿಗೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ನಾನು ಸ್ಟ್ಯಾಂಡಿನ ಭಾರ ತಿಳಿದದ್ದು ತೀರ್ಥಹಳ್ಳಿ ಕಡೆಯ ನನ್ನ ಸೋದರಮಾವನ ಸ್ಟುಡಿಯೊದಲ್ಲಿ. ಮಾವನ ಹತ್ತಿರ ಮರದ ಫೀಲ್ಡ್ ಕ್ಯಾಮೆರಾ ಇತ್ತು, ಮಡಿಸುವ ಚರ್ಮದ ಗೂಡಿನದು. ಆಲಪ್ಪುಳದ ವಾಗೀಶ್ವರಿ ಕಾರ್ಖಾನೆಯವರು ಮಾಡುತ್ತಿದ್ದ ಇಂಥ ಕ್ಯಾಮೆರಾಗಳು ಆ ಕಾಲಕ್ಕೆ ದಕ್ಷಿಣದ ಊರೂರ ಸ್ಟುಡಿಯೊಗಳಲ್ಲಿದ್ದವು. ಸ್ಟ್ಯಾಂಡ್ ಸಾಗುವಾನಿಯದು. ಒಂದೊಂದು ಕಾಲೂ ಎರಡು ತುಂಡು, ಜಾರಿಸಿ ಹಿತ್ತಾಳೆಯ ತಿರುಪಿನಿಂದ ಬಿಗಿ ಮಾಡುವುದು. ತುದಿಗೆ ಕಬ್ಬಿಣದ ಮೊಳೆ. ಅದನ್ನು ತೂಕಕ್ಕೆ ಹಾಕಿದರೆ ಐದು ಕಿಲೋ ಮೇಲೆ ಬರುತ್ತದೆ. ಸ್ಟುಡಿಯೊದೊಳಗೆ ಅದೇನೂ ತೊಂದರೆಯಲ್ಲ. ಮದುವೆಮನೆಯ ಚಪ್ಪರಕ್ಕೋ ಕುಂದಾದ್ರಿಯ ಬಸದಿಗೆ ಬಂದ ಯಾತ್ರಿಕರ ಗ್ರೂಪ್ ಫೋಟೋಕ್ಕೋ ಹೋಗಬೇಕಾದಾಗ ಅದನ್ನು ಹೊರುತ್ತಿದ್ದವನು ಸ್ಟುಡಿಯೊದ ಹುಡುಗ. ಮಾವ ಮುಂದೆ ಕ್ಯಾಮೆರಾ ಪೆಟ್ಟಿಗೆ ಹಿಡಿದು, ಹುಡುಗ ಹಿಂದೆ ಹೆಗಲ ಮೇಲೆ ಸ್ಟ್ಯಾಂಡ್ ಅಡ್ಡ ಹಾಕಿಕೊಂಡು. ಫೋಟೋದ ಹಿಂಬದಿಗೆ ಬೀಳುತ್ತಿದ್ದ ಮುದ್ರೆ ಸ್ಟುಡಿಯೊದ್ದು. ಮಾವ ಒಳ್ಳೆಯ ಮನುಷ್ಯರು, ಸಂಬಳ ತಡಮಾಡಿದವರಲ್ಲ, ಊಟ ಜೊತೆಗೇ. ಹೀಗಿದ್ದರೂ ಏರು ದಾರಿಯಲ್ಲಿ ಆ ಹುಡುಗನ ಬೆವರು ನೋಡಿದ್ದೇನೆ. ನಾನೂ ಒಂದೆರಡು ತಿರುವು ಹೊತ್ತಿದ್ದೇನೆ. ಆ ಹುಡುಗ ಮುಂದೆ ಶಿವಮೊಗ್ಗದಲ್ಲಿ ಸ್ವಂತ ಸ್ಟುಡಿಯೊ ಇಟ್ಟ.

ಮಾವನ ಸ್ಟ್ಯಾಂಡ್ ಈಗ ನನ್ನಲ್ಲಿದೆ. ಅದರ ತಲೆಯ ತಿರುಪು ಮೂರೆಂಟಂಶ ಇಂಚಿನದು, ಈಗಿನ ಕ್ಯಾಮೆರಾಗಳ ತಳದ ತೂತು ಕಾಲಿಂಚಿನದು. ನಡುವೆ ಬೆರಳ ಉಗುರಿನಷ್ಟು ಚಿಕ್ಕ ಹಿತ್ತಾಳೆಯ ಬುಶ್ ಒಂದನ್ನು ತಿರುಗಿಸಿದರೆ ಡಿಜಿಟಲ್ ಕ್ಯಾಮೆರಾ ಆ ಸಾಗುವಾನಿ ಕಾಲುಗಳ ಮೇಲೆ ಕೂರುತ್ತದೆ. ಇವೆರಡೂ ಅಳತೆಗಳು ಬ್ರಿಟನ್ನಿನ ಹಳೆಯ ತಿರುಪುಗಳಿಂದ ಬಂದವು. ಇಂಚಿಗೆ ಇಪ್ಪತ್ತು ಸುತ್ತಿನ ಕಾಲಿಂಚು ತಿರುಪು ಇವತ್ತಿಗೂ ಲೋಕದ ಬಹುಪಾಲು ಕ್ಯಾಮೆರಾಗಳಿಗೆ ಹೊಂದುತ್ತದೆ. ಬ್ಯಾಟರಿ, ಕಾರ್ಡು, ಕೇಬಲ್ಲು ಎಲ್ಲ ಎರಡು ವರ್ಷಕ್ಕೊಮ್ಮೆ ಬದಲಾಗುವ ಈ ವ್ಯವಹಾರದಲ್ಲಿ ಇದೊಂದು ಬದಲಾಗಿಲ್ಲ. ಹಳೆಯ ಟ್ರೈಪಾಡನ್ನು ಗುಜರಿಗೆ ಹಾಕುವವರಿಗೆ ನಾನು ಇದನ್ನೇ ಹೇಳುವುದು: ಕಾಲು ಗಟ್ಟಿ ಇದ್ದರೆ ತಲೆ ಬದಲಾಯಿಸಿದರೆ ಸಾಕು.

ಗಾಜು ಒಣಗಿದಾಗ ಡೇರೆ ಕೆಳಗಿಳಿಯಿತು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯ ಜೆಲಾಟಿನ್ ಲೇಪಿಸಿದ ಒಣಫಲಕದ ದಾರಿ ತೋರಿಸಿದ. ಆ ದಶಕ ಮುಗಿಯುವಷ್ಟರಲ್ಲಿ ಅಂಗಡಿಯಲ್ಲೇ ತಯಾರು ಫಲಕ ಸಿಗತೊಡಗಿತು. 1888ರಲ್ಲಿ ಕೊಡಕ್ ಕೈಯಲ್ಲಿ ಹಿಡಿಯುವ ಪೆಟ್ಟಿಗೆ ತಂದಿತು. ಪೇಟೆಯಲ್ಲಿ ಸ್ಟ್ಯಾಂಡ್ ಬಿಟ್ಟೇ ಹೋಯಿತು ಎನ್ನಬಹುದು. ಬೆಟ್ಟದಲ್ಲಿ ಬಿಡಲಿಲ್ಲ. ಇಟಲಿಯ ವಿಟ್ಟೋರಿಯೊ ಸೆಲ್ಲಾ 1880ರ ದಶಕದಲ್ಲಿ ಮೂವತ್ತು ನಲವತ್ತು ಸೆಂಟಿಮೀಟರಿನ ಫಲಕಗಳನ್ನು ಆಲ್ಪ್ಸ್ ಶಿಖರಗಳಿಗೆ ಒಯ್ದ. ಒಂದೊಂದು ಫಲಕವೂ ಕಿಲೋ ಹತ್ತಿರ ತೂಗುತ್ತಿತ್ತು. 1899ರಲ್ಲಿ ಕಾಂಚನಜುಂಗಾ ಸುತ್ತಿದ, 1909ರಲ್ಲಿ ಕೆ-2 ತಪ್ಪಲಿಗೆ ಹೋದ. ಅವನ ಚಿತ್ರಗಳಲ್ಲಿ ಹಿಮದ ಒಂದೊಂದು ಬಿರುಕೂ ಎಣಿಸುವಂತಿರುವುದು ಆ ಗಾಜು ಮತ್ತು ಆ ಕಾಲುಗಳಿಂದ. 1922ರ ಎವರೆಸ್ಟ್ ಯಾತ್ರೆಯಲ್ಲಿ ಜಾನ್ ನೋಯೆಲ್ ಸಿನಿಮಾ ಕ್ಯಾಮೆರಾವನ್ನು 23,000 ಅಡಿ ಎತ್ತರದ ನಾರ್ತ್ ಕೋಲ್‌ವರೆಗೆ ಕೊಂಡೊಯ್ದ. ಆಗಿನ ಚಿತ್ರವೊಂದಿದೆ: ಹಿಮದಲ್ಲಿ ಊರಿದ ಮೂರು ಕಾಲು, ಉದ್ದ ಲೆನ್ಸಿನ ಹಿಂದೆ ನೋಯೆಲ್, ಪಕ್ಕದಲ್ಲಿ ಶೆರ್ಪಾ. ಸ್ಟ್ಯಾಂಡ್ ಅಲ್ಲಿಗೆ ತಾನಾಗಿ ಹತ್ತಿ ಬರಲಿಲ್ಲ ಎಂದು ಹೇಳುವ ಅಪರೂಪದ ಚಿತ್ರ ಅದು.

ಭಾರವನ್ನು ತನ್ನ ಬೆನ್ನಿಗೇ ಹಾಕಿಕೊಂಡವರಲ್ಲಿ ನನಗೆ ಬಹಳ ಇಷ್ಟದ ಕಥೆ ಆನ್ಸೆಲ್ ಆಡಮ್ಸ್‌ನದು. 1927ರ ಏಪ್ರಿಲ್ 10. ಅಮೆರಿಕದ ಯೊಸೆಮಿಟಿ ಕಣಿವೆ. ಆಡಮ್ಸ್‌ಗೆ ಇಪ್ಪತ್ತೈದು ವರ್ಷ. ಬೆನ್ನ ಮೇಲೆ ನಲವತ್ತು ಪೌಂಡಿನಷ್ಟು ಭಾರ: ಕೊರೋನಾ ಕ್ಯಾಮೆರಾ, ಲೆನ್ಸುಗಳು, ಫಿಲ್ಟರುಗಳು, ಹನ್ನೆರಡು ಗಾಜಿನ ಫಲಕ, ಮರದ ಟ್ರೈಪಾಡ್. ಗೆಳೆಯರು ಜೊತೆಗಿದ್ದರು, ಮುಂದೆ ಅವನ ಹೆಂಡತಿಯಾಗಲಿದ್ದ ವರ್ಜೀನಿಯಾ ಬೆಸ್ಟ್ ಕೂಡ. ಹಿಮ ಮೆತ್ತಿದ ಕಡಿದಾದ ಕೊರಕಲು ಹತ್ತಿ ಡೈವಿಂಗ್ ಬೋರ್ಡ್ ಎಂಬ ಚಾಚು ಬಂಡೆಗೆ ಬಂದರು. ಎದುರಿಗೆ ಹಾಫ್ ಡೋಮ್‌ನ ಕಲ್ಲುಗೋಡೆ. ದಾರಿಯಲ್ಲೇ ಫಲಕಗಳು ಖರ್ಚಾಗಿ ಕೊನೆಗೆ ಉಳಿದದ್ದು ಎರಡು. ಒಂದನ್ನು ಹಳದಿ ಫಿಲ್ಟರಿನಲ್ಲಿ ತೆಗೆದ. ಮನಸ್ಸಿಗೆ ಬಂದ ಗಾಂಭೀರ್ಯ ಅದರಲ್ಲಿ ಬರುವುದಿಲ್ಲ ಎನಿಸಿ ಎರಡನೆಯದಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿದ. ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು. ಕೆಂಪು ಗಾಜು ಬೆಳಕನ್ನು ತಡೆಯುವುದರಿಂದ ಎಫ್ 22ರಲ್ಲಿ ಐದು ಸೆಕೆಂಡು ಬೇಕಾಯಿತು. ಅಂಥ ಎತ್ತರದಲ್ಲಿ ಗಾಳಿಗೆ ಸಿಕ್ಕ ಬಂಡೆಯ ಮೇಲೆ ಐದು ಸೆಕೆಂಡು! ಕೈಯಲ್ಲಿ ಹಿಡಿದು ಇದು ಆಗುವ ಮಾತಲ್ಲ. ಮರದ ಕಾಲುಗಳನ್ನು ಕೆಳಗೇ ಬಿಟ್ಟು ಬಂದಿದ್ದರೆ ಮಾನೊಲಿತ್ ಎಂಬ ಆ ಚಿತ್ರ ಹುಟ್ಟುತ್ತಲೇ ಇರಲಿಲ್ಲ.

1925ರಲ್ಲಿ ಲೈಕಾ ಬಂದು ಸಣ್ಣ ಫಿಲ್ಮಿನ ಯುಗ ಶುರುವಾಯಿತು. ಕ್ಯಾಮೆರಾ ಕುಗ್ಗಿದಂತೆ ಕಾಲುಗಳೂ ಕುಗ್ಗಿದವು, ಮರ ಹೋಗಿ ಅಲ್ಯೂಮಿನಿಯಂ ಕೊಳವೆ ಬಂತು. ಜಪಾನಿನ ಸ್ಲಿಕ್, ವೆಲ್ಬಾನ್ ಟ್ರೈಪಾಡುಗಳು ಲೋಕದ ತುಂಬ ಹರಡಿದವು. ಮಾವ ಫೀಲ್ಡ್ ಕ್ಯಾಮೆರಾ ಮೂಲೆಗಿಟ್ಟು ಯಾಶಿಕಾ ಕೊಂಡಾಗ ಅದರ ಜೊತೆ ಬಂದದ್ದೂ ಅಲ್ಯೂಮಿನಿಯಂ ಸ್ಟ್ಯಾಂಡೇ. ಅದನ್ನು ಮಾವನೇ ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಹೊರುವ ಹುಡುಗ ಬೇಕಾಗದೇ ಹೋದ ದಿನವನ್ನು ನಾನು ಛಾಯಾಗ್ರಹಣದ ದೊಡ್ಡ ದಿನಗಳಲ್ಲಿ ಸೇರಿಸುತ್ತೇನೆ. ಪ್ಯಾರಿಸ್ಸಿನವರು 1917ರಲ್ಲಿ ಆರಂಭಿಸಿದ್ದ ಗಿಟ್ಜೊ ಕಂಪನಿ 1994ರಲ್ಲಿ ಕಾರ್ಬನ್ ಫೈಬರ್ ಟ್ರೈಪಾಡ್ ಹೊರತಂದಿತು. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ, ಕಾರ್ಬನ್ ಫೈಬರ್ ಸುಮಾರು 1.6 ಪಟ್ಟು. ತೂಕ ಇಳಿಯಿತು, ನಡುಕವೂ ಬೇಗ ಅಡಗುವಂತಾಯಿತು. ಬೆಲೆ ಮಾತ್ರ ಏರಿತು. ಈಗ ಚೀನಾದ ಕಾರ್ಖಾನೆಗಳಿಂದಾಗಿ ಅದೂ ಮೊದಲಿನಷ್ಟು ದುಬಾರಿಯಾಗಿ ಉಳಿದಿಲ್ಲ.

ಹೋದ ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮಗಳು ಫೋನ್ ಮಾಡಿದಳು. "ಅತ್ತೆ, ಎರಡು ಸಾವಿರದೊಳಗೆ ಒಂದು ಟ್ರೈಪಾಡ್ ಹೇಳಿ. ಟ್ರೆಕ್ಕಿಂಗಿಗೆ. ಹಗುರ ಇರ್ಬೇಕು."

"ಎಷ್ಟು ಎತ್ತರದ್ದು ನೋಡ್ತಾ ಇದೀಯ?"

"ಐದು ಅಡಿದು ಇದೆ, ಒಂದೇ ಕಿಲೋ ಅಂತೆ."

ಐದು ಅಡಿ, ಒಂದು ಕಿಲೋ, ಎರಡು ಸಾವಿರ. ಈ ಮೂರೂ ಒಟ್ಟಿಗೆ ಸಿಗುವಲ್ಲಿ ನಾಲ್ಕನೆಯದೊಂದು ಹೋಗಿರುತ್ತದೆ, ಅದೇ ಬಿಗುವು. ಎತ್ತರ ಹೆಚ್ಚಿಸಲು ಕಾಲನ್ನು ನಾಲ್ಕು ಐದು ತುಂಡು ಮಾಡಿರುತ್ತಾರೆ. ಒಂದರೊಳಗೊಂದು ಕೂರಬೇಕಾದ್ದರಿಂದ ಕೊನೆಯ ತುಂಡು ಕಿರುಬೆರಳಿಗಿಂತ ತೆಳ್ಳಗಿರುತ್ತದೆ. ಕೊಳವೆಯ ಗೋಡೆ ಅಷ್ಟೇ ದಪ್ಪ ಇಟ್ಟು ಅಗಲ ಇಮ್ಮಡಿ ಮಾಡಿದರೆ ಅದು ಬಾಗದೆ ತಡೆಯುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ತೆಳ್ಳಗೆ ಮಾಡಿದಾಗ ಕಳೆದುಕೊಳ್ಳುವುದೂ ಅದೇ ಲೆಕ್ಕದಲ್ಲಿ. ಅದಕ್ಕೇ ಬೆಟ್ಟಕ್ಕೆ ಐದು ಅಡಿ ಬೇಡ ಅಂದೆ. ಶಿಖರದಲ್ಲಿ ನಾವು ಕೂತೇ ಇರುತ್ತೇವೆ, ಗಾಳಿಯೂ ನೆಲದ ಹತ್ತಿರ ಕಡಿಮೆ. ಎದೆಮಟ್ಟಕ್ಕೆ ಬರುವುದು ಸಾಕು, ಮೂರು ತುಂಡಿನ ಅಥವಾ ದಪ್ಪಗಿನ ನಾಲ್ಕು ತುಂಡಿನ ಕಾಲು. ನಡುಕಂಬ ಎತ್ತುವುದು ಕೊನೆಯ ಉಪಾಯ; ಅದನ್ನು ಎತ್ತಿದ ಕ್ಷಣ ಮೂರು ಕಾಲಿನ ಆಸರೆ ಒಂಟಿ ಕಾಲಿನದಾಗುತ್ತದೆ.

ಅಂಗಡಿಗೆ ಹೋಗಿ ಕೈಯಿಂದ ಮುಟ್ಟಿಯೇ ತಗೋ ಎಂದು ಹೇಳಿದೆ. ಪೂರ್ತಿ ಬಿಚ್ಚಿ ನಿಲ್ಲಿಸು. ತಲೆಯ ಮೇಲೆ ಅಂಗೈ ಇಟ್ಟು ಒತ್ತು, ಆಮೇಲೆ ಬಟ್ಟೆ ಹಿಂಡಿದ ಹಾಗೆ ಎಡಬಲ ತಿರುಚು. ಒತ್ತಿದಾಗ ಎಲ್ಲವೂ ನಿಲ್ಲುತ್ತವೆ, ತಿರುಚಿದಾಗ ಕೀಲುಗಳ ಬಂಡವಾಳ ಗೊತ್ತಾಗುತ್ತದೆ. ವಿಡಿಯೊಕ್ಕೆಂದು ಉದ್ದ ಹಿಡಿ ಇಟ್ಟ ಪ್ಲಾಸ್ಟಿಕ್ ತಲೆಯದು ಬೇಡ; ಕ್ಯಾಮೆರಾ ಬಿಗಿ ಮಾಡಿದ ಮೇಲೂ ಅದು ಒಂಚೂರು ಮುಂದಕ್ಕೆ ಬಾಗುತ್ತದೆ. ಚಿಕ್ಕ ಬಾಲ್ ಹೆಡ್ ಇರಲಿ, 38 ಮಿಲಿಮೀಟರಿನ ಅರ್ಕಾ ಮಾದರಿಯ ಪ್ಲೇಟ್ ಇರಲಿ, ಮುಂದೆ ಏನು ಬದಲಿಸಿದರೂ ಹೊಂದುತ್ತದೆ. ಕೆಳಗೆ ಚೀಲ ತೂಗುಹಾಕಲು ಕೊಕ್ಕೆ ಇದೆಯಾ ನೋಡು. ಒಂದು ಕಿಲೋದ ಟ್ರೈಪಾಡಿಗೆ ಮೂರು ಕಿಲೋದ ಚೀಲ ತೂಗಿದರೆ ಮಾವನ ಸಾಗುವಾನಿ ಭಾರಕ್ಕೆ ಹತ್ತಿರ ಬಂತು. ಆ ಚೀಲವನ್ನು ಹೇಗೂ ಹೊತ್ತೇ ಹೋಗಿರುತ್ತೀಯ. ಚೀಲ ಗಾಳಿಗೆ ತೊನೆದರೆ ಅದೇ ನಡುಕ ತರುತ್ತದೆ, ಹಾಗಾಗಿ ನೆಲಕ್ಕೆ ತಾಗುವಂತೆ ತೂಗಬೇಕು.

ಅವಳು ಕೇಳಿದ್ದು ಸರಿಯಾದ ಪ್ರಶ್ನೆಯೇ. "ಈಗಿನ ಕ್ಯಾಮೆರಾ ಕೈ ನಡುಕ ತಾನೇ ಸರಿಮಾಡ್ಕೊಳ್ಳುತ್ತಲ್ಲ ಅತ್ತೆ, ಟ್ರೈಪಾಡ್ ಬೇಕೇ ಬೇಕಾ?" ಹಗಲಿಗೆ ಬೇಡ. ಮುಳ್ಳಯ್ಯನಗಿರಿಯಲ್ಲಿ ಹತ್ತು ಗಂಟೆಯ ಬಿಸಿಲಿಗೆ ಯಾರಿಗೂ ಬೇಡ. ಆದರೆ ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲು ಕಣಿವೆಯಲ್ಲಿ ಮಂಜು ನಿಂತಿರುವಾಗ, ಶೋಲಾ ಕಾಡಿನೊಳಗೆ ಝರಿಯ ನೀರು ಎಳೆ ಎಳೆಯಾಗಿ ಬರಬೇಕೆಂದಾಗ, ಬೇಸಿಗೆಯ ರಾತ್ರಿ ಆಕಾಶಗಂಗೆಗೆ ಇಪ್ಪತ್ತು ಸೆಕೆಂಡು ಲೆನ್ಸ್ ತೆರೆದಿಡುವಾಗ ಬೋರ್ನ್‌ಗೆ ಬೇಕಾಗಿದ್ದೇ ನಮಗೂ ಬೇಕು. ಅದೇ ಬಂಡೀಪುರದ ಜೀಪಿನಲ್ಲಾದರೆ ಕಿಟಕಿಯ ಮೇಲೆ ಅಕ್ಕಿಯೋ ಹುರುಳಿಯೋ ತುಂಬಿದ ಚೀಲ ಎಲ್ಲ ಟ್ರೈಪಾಡಿಗಿಂತ ಮೇಲು. ಹಾಗಾಗಿ ಏನು ತೆಗೆಯಲು ಹೋಗುತ್ತೇನೆ ಎಂದು ತೀರ್ಮಾನಿಸಿಯೇ ಬೆನ್ನಿಗೆ ಹಾಕಿಕೊಳ್ಳಬೇಕು.

ಹಿಮಾಲಯದ ಟ್ರೆಕ್ಕುಗಳಲ್ಲಿ ಈಗ ದುಡ್ಡು ಕೊಟ್ಟರೆ ನಮ್ಮ ಚೀಲವನ್ನು ಹೇಸರಗತ್ತೆಯೋ ಅಲ್ಲಿನ ಊರಿನವರೋ ಹೊರುತ್ತಾರೆ. ಅದು ಅವರ ಜೀವನೋಪಾಯ; ಕೂಲಿ ಸರಿಯಾಗಿ ಸಂದರೆ ನನ್ನ ತಕರಾರಿಲ್ಲ. ಟ್ರೈಪಾಡನ್ನು ಮಾತ್ರ ಆ ಚೀಲಕ್ಕೆ ಹಾಕಬೇಡ ಎಂದೆ. ಬೆಳಕು ಬರುವ ಹೊತ್ತಿಗೆ ಹೇಸರಗತ್ತೆ ಮುಂದಿನ ಬಿಡಾರದಲ್ಲಿರುತ್ತದೆ. ಅದಲ್ಲದೆ, ತಾನು ಹೊತ್ತದ್ದನ್ನು ಮನುಷ್ಯ ನೋಡಿ ನೋಡಿ ಬಳಸುತ್ತಾನೆ. ಹನ್ನೆರಡು ಫಲಕ ಹೊತ್ತ ಆಡಮ್ಸ್‌ಗೆ ಕೊನೆಯ ಫಲಕದ ಬೆಲೆ ಬೆನ್ನಿಗೇ ಗೊತ್ತಿತ್ತು.

ಅವಳು ಕೊಂಡದ್ದು ನಾಲ್ಕು ತುಂಡಿನ ಅಲ್ಯೂಮಿನಿಯಂ, ಒಂದೂಕಾಲು ಕಿಲೋ, ಹೇಳಿದ್ದಕ್ಕಿಂತ ಮುನ್ನೂರು ರೂಪಾಯಿ ಹೆಚ್ಚು. ಮಲೆನಾಡಿನ ಮಳೆಗೆ ಒಯ್ದು ಬಂದ ಮೇಲೆ ಏನು ಮಾಡಬೇಕೆಂದೂ ಹೇಳಿಕೊಟ್ಟೆ: ಕಾಲುಗಳನ್ನು ಮಡಿಸದೆ ಪೂರ್ತಿ ಎಳೆದಿಟ್ಟು ಒರೆಸಬೇಕು, ತಿರುಚು ಬೀಗಗಳನ್ನು ಬಿಚ್ಚಿ ಮರಳು ತೆಗೆಯಬೇಕು, ನೆರಳಲ್ಲಿ ಆರಿಸಬೇಕು. ಗೋಕರ್ಣದ ಉಪ್ಪುನೀರಾದರೆ ಮೊದಲು ಸಿಹಿನೀರಿನಲ್ಲಿ ತೊಳೆಯುವುದು. ಇಳಿಜಾರಿನಲ್ಲಿ ಮೋಜಣಿಯವರು ತಮ್ಮ ಸ್ಟ್ಯಾಂಡ್ ಇಡುವ ಕ್ರಮವೇ ಸರಿ, ಎರಡು ಕಾಲು ಇಳಿಜಾರಿನ ಕಡೆಗೆ, ಒಂದು ಏರಿನ ಕಡೆಗೆ. ದಪ್ಪ ತುಂಡುಗಳನ್ನು ಮೊದಲು ಎಳೆಯಬೇಕು, ತೆಳ್ಳಗಿನದನ್ನು ಕೊನೆಗೆ, ಬೇಕಾದರೆ ಮಾತ್ರ. ಶಟರ್ ಗುಂಡಿಯನ್ನು ಬೆರಳಲ್ಲಿ ಒತ್ತದೆ ಎರಡು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆದುಬಿಡಬೇಕು.